ಹಾಲೆ ಮರಕ್ಕೆ ಕಟ್ಟದ ನೂಲು

ಗಂಡನ ನಸ್ಯದ ಚೌಕವನ್ನು ಒಗೆಯಬೇಕಾದ ದಿನ ವನಜಳಿಗೆ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಕಾಲಕ್ಕೆ ಬಿಳಿಯದಾಗಿದ್ದ ಆ ಬಟ್ಟೆ ಈಗ ಸಗಣಿ ಸಾರಿಸಿದ ನೆಲದ ಬಣ್ಣಕ್ಕೆ ತಿರುಗಿತ್ತು. ಮಡಿಕೆ ಬಿಡಿಸಿದರೆ ಒಣಗಿದ ಸಿಂಬಳ ಕರಕರ ಎನ್ನುತ್ತಿತ್ತು. ಅವಳು ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ತೆಂಗಿನ ಗರಿಯ ಕಡ್ಡಿಯಿಂದ ಎತ್ತಿ ಬೂದಿ ನೀರಿಗೆ ಹಾಕಿ, ಕಾಲಿನಿಂದ ತುಳಿದು, ಅದೇ ಕಡ್ಡಿಯಿಂದ ಬೇಲಿಯ ಮೇಲೆ ಹಾರಿಸುತ್ತಿದ್ದಳು.

"ನಸ್ಯ ಅಂದ್ರೆ ಎಂತ ಅಂದ್ಕಂಡಿದೆ ನೀನ್? ತಲಿ ಚುರ್ಕ್ ಇಪ್ಪುಕೆ ಮದ್ದ್ ಅದ್," ಎನ್ನುತ್ತಿದ್ದ ಉಮಾನಾಥ. "ನಂಗೆ ಮರ್ಪ್ ಅಂಬುದೇ ಇಲ್ಲೆ. ಅದ್ ಸುಮ್ನೆ ಬಂದದ್ದಾ?"

ತೆಕ್ಕಟ್ಟೆಯಲ್ಲಿ ಅವನು ಶಾಲೆ ಮಾಷ್ಟ್ರು. ಮಾಷ್ಟ್ರಿಗೆ ಮರೆವು ಇಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಯಾಕೆಂದರೆ ಊರಿಗೆಲ್ಲ ಅವನೇ ಹೇಳಿದ್ದ.

ಮನೆಯಲ್ಲಿ ಮರೆವು ಇದ್ದದ್ದು ಅವನ ತಾಯಿ ಮುತ್ತುವಿಗೆ. ಎಪ್ಪತ್ತು ದಾಟಿದ ಹೆಂಗಸು. ಗುಡಿಸುವ ಹಿಡಿಸೂಡಿಯನ್ನು ಕೈಯಲ್ಲೇ ಹಿಡಿದುಕೊಂಡು ಅಂಗಳವೆಲ್ಲ ಹಿಡಿಸೂಡಿ ಹುಡುಕುತ್ತಿದ್ದಳು. ಸಾರಿಗೆ ಒಮ್ಮೆ ಉಪ್ಪು ಹಾಕಿ, ಒಂದು ಗಳಿಗೆ ಬಿಟ್ಟು ಇನ್ನೊಮ್ಮೆ ಹಾಕುತ್ತಿದ್ದಳು. ಗೊತ್ತಾದ ಮೇಲೆ ಬೊಚ್ಚು ಬಾಯಿ ತೆರೆದು ತಾನೇ ನಗುತ್ತಿದ್ದಳು. "ನಂಗ್ ಮರ್ತ್ ಹೋಯ್ತ್ ಕಾಣ್ ಹೆಣೆ!" ಅಷ್ಟೇ. ಯಡ್ತರೆಯಿಂದ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ವನಜಳಿಗೆ ಅತ್ತೆಯ ಆ ನಗು ಇಷ್ಟ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಸುರಿದರಾಯಿತು, ಅದಕ್ಕೇನು ಲೋಕ ಮುಳುಗುತ್ತದೆಯೇ?

ಆದರೆ ಉಮಾನಾಥ ಬಿಡಬೇಕಲ್ಲ. ಜ್ಞಾಪಕಶಕ್ತಿಯನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿ ಬಂದವನು ಅದನ್ನೆಲ್ಲ ತಾಯಿಯ ಮೈಮೇಲೆ ಪ್ರಯೋಗ ಮಾಡತೊಡಗಿದ. ಬೆಳಗಾದರೆ ಬರಿಹೊಟ್ಟೆಗೆ ಒಂದೆಲಗದ ರಸ. ತಂಬುಳಿ ಮಾಡಿದರೆ ಅತ್ತೆ ಚಪ್ಪರಿಸಿ ಉಣ್ಣುತ್ತಿದ್ದಳು, ಆದರೆ ರುಚಿಯಾದದ್ದು ಮದ್ದಾಗುವುದಿಲ್ಲ ಎಂಬುದು ಅವನ ಸಿದ್ಧಾಂತ. ಆಮೇಲೆ ಹಸುಗೂಸಿಗೆ ಮಾಡಿದ ಹಾಗೆ ಬಜೆ ತೇದು ನಾಲಗೆಗೆ ಹಚ್ಚುವುದು. ಆಮೇಲೆ ಅರುವತ್ತು ಸಂವತ್ಸರಗಳನ್ನು ಬಾಯಿಪಾಠ ಹೇಳಿಸುವುದು. ಎಲ್ಲಕ್ಕಿಂತ ಹೇಸಿಗೆಯೆಂದರೆ ಎಣ್ಣೆ. ಹೆಂಗಸರಿಗೆ ಹದ ಗೊತ್ತಾಗುವುದಿಲ್ಲ ಎಂದು ತಾನೇ ಒಂದೆಲಗ ಹಾಕಿ ತೆಂಗಿನೆಣ್ಣೆ ಕಾಸಿದ್ದ. ನೀರಿನ ಪಸೆ ಆರುವ ಮೊದಲೇ ಒಲೆಯಿಂದ ಇಳಿಸಿದ್ದರಿಂದ ಅದು ವಾರದೊಳಗೆ ಕೆಟ್ಟು, ಸತ್ತ ಇಲಿಯ ನಾತ ಹೊಡೆಯತೊಡಗಿತು. ಅದನ್ನೇ ದಿನವೂ ಮುದುಕಿಯ ನೆತ್ತಿಗೆ ಸುರಿಯುತ್ತಿದ್ದ. ಗುಣ ಹೋಗುತ್ತದೆ, ತಲೆ ತೊಳೆಯಬಾರದು ಎಂದು ಕಟ್ಟಪ್ಪಣೆ ಬೇರೆ. ಎಣ್ಣೆ ಕುತ್ತಿಗೆಗೆ ಇಳಿದು ರವಕೆಯ ಬೆನ್ನು ಹಸಿರಾಗಿ, ಅತ್ತೆ ಕೂತಲ್ಲಿ ನೊಣ ಮುತ್ತುತ್ತಿತ್ತು.

ಸಂಜೆ ಜಗಲಿಯಲ್ಲಿ ಪರೀಕ್ಷೆ. ಆಚೆಮನೆಯ ಗುಡ್ಡಣ್ಣನೂ ಇನ್ನಿಬ್ಬರು ಮೂವರೂ ಎಲೆಯಡಿಕೆಗೆ ಬಂದು ಕೂರುವ ಹೊತ್ತಿಗೆ ಸರಿಯಾಗಿ ಉಮಾನಾಥ ತಾಯಿಯನ್ನು ಕರೆದು ಕಂಬದ ಬುಡದಲ್ಲಿ ಕೂರಿಸುತ್ತಿದ್ದ.

"ಅಬ್ಬೆ, ಬೆಳಿಗ್ಗೆ ಎಂತ ಉಂಡೆ?"

"ಗಂಜಿ ಅಲ್ದಾ ಮಗಾ."

"ಗಂಜಿಗೆ ಎಂತ ಇದ್ದಿತ್?"

ಅತ್ತೆ ತೊಲೆ ನೋಡುತ್ತಿದ್ದಳು, ಸೆರಗು ನೋಡುತ್ತಿದ್ದಳು. "ಉಪ್ಪಿನ್ಕಾಯಿಯಾ?"

"ಚಟ್ನಿ! ಕಂಡ್ರ್ಯಾ ಗುಡ್ಡಣ್ಣ? ಇದ್ ಇವತ್ತಿನ್ ಕತಿ!"

ಅವರು ನಗುತ್ತಿದ್ದರು. ಅತ್ತೆಯೂ ಒಬ್ಬೊಬ್ಬರ ಮುಖವನ್ನು ನೋಡಿ, ನಗು ಎಂತಕ್ಕೆಂದು ತಿಳಿಯದೆ, ಜೊತೆಗೆ ನಗುತ್ತಿದ್ದಳು. ಒಳಗೆ ವನಜ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಹೆತ್ತವಳನ್ನು ಕೋಡಂಗಿ ಮಾಡಿ ಕುಣಿಸುವ ಈ ಗಂಡಸಿಗೆ ತಾನು ದಿನವೂ ಅನ್ನ ಬಡಿಸುತ್ತೇನಲ್ಲ ಎಂದು ಅವಳಿಗೆ ತನ್ನ ಕೈಗಳ ಮೇಲೇ ಅಸಹ್ಯವಾಗುತ್ತಿತ್ತು.

ಇಷ್ಟೇ ಆಗಿದ್ದರೆ ಅಧಿಕಪ್ರಸಂಗಿ ಎಂದು ಬಿಡಬಹುದಿತ್ತು. ಮರೆವು ಇಲ್ಲದ ಈ ಮಹಾಶಯ ಎಲ್ಲರ ಹಾಗೆ ಮರೆಯುತ್ತಿದ್ದ, ಎಲ್ಲರಿಗಿಂತ ಹೆಚ್ಚೇ ಮರೆಯುತ್ತಿದ್ದ. ಯುದ್ಧದ ಕಾಲ, ಅಕ್ಕಿಯನ್ನು ರೇಷನ್ನಿನಲ್ಲಿ ಅಳೆದು ಕೊಡುತ್ತಿದ್ದ ವರ್ಷ, ಶಾಲೆಯ ಇನ್ನೊಬ್ಬ ಮಾಷ್ಟ್ರನ್ನೂ ಅವರ ಭಾವನನ್ನೂ ಊಟಕ್ಕೆ ಕರೆದವನು ಮನೆಯಲ್ಲಿ ಹೇಳಲು ಮರೆತ. ಅವರು ಬಂದು ಕಾಲು ತೊಳೆಯುವಾಗ ಒಲೆಯ ಮೇಲಿದ್ದದ್ದು ಮೂರು ಜನರಿಗೆ ಸಾಕಾಗುವ ಗಂಜಿ. "ನಾನ್ ಅಬ್ಬೆಗೆ ಹೇಳಿದ್ದೆ ಮಾರಾಯ್ರೆ. ಅವ್ಳಿಗ್ ಮರ್ತ್ ಹೋಯ್ತ್," ಎಂದುಬಿಟ್ಟ. ಕೊಡೆ ಕಳೆದರೂ ಅಬ್ಬೆಗೆ ಮರೆತದ್ದು, ದನ ಕಟ್ಟದೆ ಬಿಟ್ಟರೂ ಅಬ್ಬೆಗೆ ಮರೆತದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮನೆಯಲ್ಲಿ ನೆಲದ ಬದಲು ಒಬ್ಬ ಮುದುಕಿ ಇದ್ದಳು.

"ಹೌದಾ? ಹೇಳಿದ್ಯೇನೋ ಮಗಾ. ನನ್ ತಲಿ ಕಾಣ್," ಎನ್ನುತ್ತಿದ್ದಳು ಅತ್ತೆ.

ಹೋದ ವರ್ಷ ನಡೆದದ್ದನ್ನು ಮಾತ್ರ ವನಜ ಸತ್ತರೂ ಕ್ಷಮಿಸಲಾರಳು. ಬಾರ್ಕೂರಿನಲ್ಲಿದ್ದ ಅತ್ತೆಯ ತಮ್ಮ ಬಚ್ಚ ಹಾಸಿಗೆ ಹಿಡಿದಿದ್ದ. ಅಕ್ಕನನ್ನು ಒಮ್ಮೆ ಕಾಣಬೇಕು ಎಂದು ತೆಂಗಿನಕಾಯಿ ವ್ಯಾಪಾರದ ಶೀನನ ಕೈಯಲ್ಲಿ ಹೇಳಿ ಕಳಿಸಿದ. ಶೀನ ಶಾಲೆಗೇ ಹೋಗಿ ಉಮಾನಾಥನಿಗೆ ಸುದ್ದಿ ಮುಟ್ಟಿಸಿದ. ಅಂದು ಸಂಜೆ ಉಮಾನಾಥ ಮನೆಗೆ ಬಂದ, ಉಂಡ, ಗೊರಕೆ ಹೊಡೆದ. ಮರುದಿನವೂ ಬಾಯಿ ಬಿಡಲಿಲ್ಲ. ಕೆಲವು ದಿನ ಕಳೆದು ಬಂದದ್ದು ಸಾವಿನ ಸುದ್ದಿ.

ಅತ್ತೆ ಎದೆ ಬಡಿದುಕೊಂಡು, "ಒಂದ್ ಮಾತ್ ಹೇಳಿ ಕಳ್ಸುಕಾಗ್ದಾ ನಂಗೆ?" ಎಂದು ಗೋಳಾಡಿದಳು. ಉಮಾನಾಥ ಕಂಬಕ್ಕೆ ಒರಗಿ, ಒಂದು ಚಿಟಿಕೆ ನಸ್ಯ ಏರಿಸಿ, ಮೂಗು ಒರೆಸಿಕೊಂಡ.

"ಹೇಳಿ ಕಳ್ಸಿದ್ರಲ್ಲೆ ಅಬ್ಬೆ. ನಾನ್ ಅವತ್ತೇ ನಿಂಗ್ ಹೇಳಿದೆ. ನೀನೇ ಮರ್ತದ್."

ಅತ್ತೆಯ ಅಳು ಅಲ್ಲಿಗೇ ನಿಂತಿತು. ಸಾಯುವ ತಮ್ಮ ಕರೆದದ್ದನ್ನು ಕೇಳಿಯೂ ಮರೆತು, ಹೊಟ್ಟೆ ತುಂಬ ಉಂಡು ಮಲಗಿದ ಹೆಂಗಸು ತಾನು ಎಂದು ಅವಳು ನಂಬಿದಳು. ಅಂದಿನಿಂದ ಆ ಬೊಚ್ಚು ಬಾಯಿಯ ನಗು ಹೋಯಿತು. ಬಜೆ ತೇಯುವ ಸದ್ದು ಕೇಳಿದರೆ ತಾನಾಗಿಯೇ ಬಂದು ನಾಲಗೆ ಚಾಚತೊಡಗಿದಳು. ಮುಂದೆ ಶೀನ ಸಿಕ್ಕಿದಾಗ ವಿಷಯ ತಿಳಿದ ವನಜ ಒಮ್ಮೆ ಹೇಳಿ ನೋಡಿದಳು: "ಅತ್ತೆ, ಅವ್ರ್ ನಿಮ್ಗ್ ಹೇಳ್ಲೇ ಇಲ್ಲ. ನಾನ್ ಮನಿಯೊಳ್ಗೇ ಇದ್ದೆ."

"ಮಗ ಸುಳ್ಳ್ ಹೇಳ್ತ್ನಾ ಹೆಣೆ? ನನ್ ತಲಿಯೇ ಕೊಳ್ತದ್," ಎಂದಳು ಅತ್ತೆ.

ಹೆತ್ತ ಮಗ ಸುಳ್ಳ ಎನ್ನುವುದಕ್ಕಿಂತ ತನ್ನ ತಲೆ ಕೊಳೆತಿದೆ ಎನ್ನುವುದು ಅವಳಿಗೆ ಸುಲಭವಾಗಿತ್ತು. ವನಜ ಮತ್ತೆ ಆ ಮಾತೆತ್ತಲಿಲ್ಲ. ಎತ್ತಲು ಅವಳ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನೂ ಇರಲಿಲ್ಲ.

ಹೀಗಿರುವಾಗ ಆಸಾಡಿ ಅಮಾವಾಸ್ಯೆ ಬಂತು. ಅಂದು ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದು, ಅರೆದು, ಮನೆಮಂದಿಯೆಲ್ಲ ಅದರ ಕಷಾಯ ಕುಡಿಯಬೇಕು. ಕರುಳು ಕಿತ್ತು ಬರುವಷ್ಟು ಕಹಿ, ಆದರೆ ವರ್ಷಕ್ಕೊಮ್ಮೆ ಕುಡಿದರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಅದಕ್ಕೊಂದು ಕ್ರಮ ಉಂಟು. ಮನೆಯ ಗಂಡಸು ಹಿಂದಿನ ಸಂಜೆಯೇ ಹಾಡಿಗೆ, ಊರ ಬದಿಯ ಕಾಡಿಗೆ, ಹೋಗಿ, ಹಾಲೆ ಮರಕ್ಕೆ ಅರಸಿನ ಹಚ್ಚಿದ ನೂಲು ಕಟ್ಟಿ, ನಾಳೆ ಬರುತ್ತೇನೆ ಎಂದು ಮರಕ್ಕೆ ಹೇಳಿ ಬರಬೇಕು. ಬೆಳಗಿನ ಜಾವ ದೀಪವಿಲ್ಲದೆ, ಬಾಯಿ ತೆರೆಯದೆ ಹೋಗಿ, ಕಬ್ಬಿಣ ಸೋಕಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ಎಬ್ಬಿಸಬೇಕು. ನೂಲು ಬರೀ ಶಾಸ್ತ್ರಕ್ಕೆ ಎಂದುಕೊಂಡವರು ಅಂದುಕೊಳ್ಳಲಿ. ತೆಕ್ಕಟ್ಟೆಯ ಆ ಹಾಡಿಯ ಅಂಚಿನಲ್ಲಿ ಹಾಲೆ ಮರದ ಮಗ್ಗುಲಲ್ಲೇ ಕಾಸರಕದ ಮರ ನಿಂತಿತ್ತು. ಕತ್ತಲಲ್ಲಿ ತಡವಿದರೆ ಎರಡೂ ಒಂದೇ ಮರ. ಒಂದು ಮದ್ದು, ಇನ್ನೊಂದು ಬಿಲ್ಲಿನ ಹಾಗೆ ಮೈ ಸೆಟೆಸಿ ಕೊಲ್ಲುವ ವಿಷ. ಕೈಗೆ ನೂಲು ಸಿಕ್ಕಿದರೆ ಮಾತ್ರ ಕಲ್ಲು ಎತ್ತಬೇಕು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಹಿಂದಿನ ಸಂಜೆ ವನಜ ನೂಲಿಗೆ ಅರಸಿನ ಹಚ್ಚಿ, ಬೆರಳಿಗೆ ಸುತ್ತಿ ಸುರುಳಿ ಮಾಡಿ ಗಂಡನ ಕೈಗೆ ಕೊಟ್ಟಳು. "ಹ್ವಾಯ್, ಕತ್ಲಿ ಆಪುದ್ರೊಳ್ಗೆ ಕಟ್ಟಿ ಬನ್ನಿ."

"ನಂಗ್ ನೆನಪ್ ಮಾಡುದ್ ಬೇಡ. ಅಬ್ಬೆಗ್ ಮಾಡ್," ಎಂದು ಅವನು ಸುರುಳಿಯನ್ನು ನಸ್ಯದ ಚೌಕದಲ್ಲಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಹಾಡಿಗೆ ಹೋಗುವ ದಾರಿಯಲ್ಲೇ ಗುಡ್ಡಣ್ಣನ ಜಗಲಿ. ಅಲ್ಲಿ ಕೂತು ಯುದ್ಧದ ಸುದ್ದಿ ಹೇಳಿದ್ದೇ ಹೇಳಿದ್ದು. ಮಳೆಯಲ್ಲಿ ನೆನೆದು ಬಂದವನಿಗೆ ಬಡಿಸುತ್ತ ವನಜ ಕೇಳಿದಳು, "ಕಟ್ಟಿದ್ರ್ಯಾ?" ಬಾಯಿ ತುಂಬ ಅನ್ನ ಇಟ್ಟುಕೊಂಡು ಅವನು "ಹ್ಞೂಂ" ಎಂದ.

ಬೆಳಗಿನ ಜಾವ ಉಮಾನಾಥ ಕೆತ್ತೆ ತಂದ. ಪ್ರತಿ ವರ್ಷ ಅದನ್ನು ಅರೆಯುತ್ತಿದ್ದವಳು ಅತ್ತೆ. ಮದುವೆಯಾಗಿ ಬಂದಾಗಿನಿಂದ ಆ ಕಲ್ಲಿನ ಮುಂದೆ ಬೇರೆ ಯಾರೂ ಕೂತದ್ದಿಲ್ಲ. ಈ ವರ್ಷ ಉಮಾನಾಥ, "ನೀನ್ ಒಳ್ಳೆಮೆಣ್ಸ್ ಎಷ್ಟ್ ಹಾಕ್ದೆ ಅಂಬುದೇ ನಿಂಗ್ ನೆನಪಿರ್ತಿಲ್ಲೆ, ನೀನ್ ಮುಟ್ಟುದ್ ಬೇಡ," ಎಂದು ಕೆಲಸವನ್ನು ವನಜಳಿಗೆ ದಾಟಿಸಿದ್ದ. ಅವಳು ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆಯುತ್ತಿದ್ದಳು. ಅತ್ತೆ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಭ್ಯಾಸಬಲ, ಅವಳ ಕೈ ತಾನಾಗಿಯೇ ಕಲ್ಲಿಗೆ ಹೋಯಿತು. ಅರೆದದ್ದನ್ನು ಚೂರು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದಳು.

"ಅಂಟ್ ಇಲ್ಲೆ ಹೆಣೆ."

"ಎಂತ ಅತ್ತೆ?"

"ಹಾಲ್ ಇಲ್ಲೆ ಇದ್ರೊಳ್ಗೆ. ಹಾಲೆ ಕೆತ್ತೆ ಅರ್ದ್ರೆ ಬೆರಳ್ ಒಂದಕ್ಕೊಂದ್ ಹಿಡ್ಕಂತ್. ಇದ್ ಎಂತ ಮರ?"

ವನಜಳ ಕೈ ನಿಂತಿತು. ಹಣತೆಯ ಬೆಳಕಿನಲ್ಲಿ ಬಗ್ಗಿ ನೋಡಿದಳು. ಬಿಳಿ ಹಾಲು ಒಸರಬೇಕಾದ ಕೆತ್ತೆ ಒಣ ಕಂದಾಗಿತ್ತು.

ಉಮಾನಾಥ ಒದ್ದೆ ಬಟ್ಟೆ ಬದಲಿಸುತ್ತ ನಕ್ಕ. "ಬೆಳಿಗ್ಗೆ ಉಂಡದ್ ನೆನಪಿಲ್ಲೆ, ಮರದ್ ಜಾತಿ ಹೇಳುಕ್ ಹೊರ್ಟ್ಲ್! ಮಳಿಗ್ ಹಾಲ್ ತೊಳ್ದ್ ಹೋಯ್ತ್."

ಅತ್ತೆ ಸುಟ್ಟುಕೊಂಡವಳಂತೆ ಕೈ ಹಿಂದೆಗೆದಳು. "ಹೌದೇನೋ. ನಂಗ್ ಮರ್ತಿರ್ಕ್."

"ನೂಲ್ ಕೈಗ್ ಸಿಕ್ತಾ?" ಎಂದು ವನಜ ಗಂಡನನ್ನು ಕೇಳಿದಳು.

"ಸಿಕ್ದೆ ಎಂತ? ನಂಗೆಂತ ಮರ್ಪಾ?"

ಅವನೇ ಮುಂದೆ ಬಂದು ರಸ ಹಿಂಡಿದ. ಒಲೆಯಲ್ಲಿ ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಚುಂಯ್ ಎನ್ನಿಸಿದ. ಎದ್ದ ವಾಸನೆಗೆ ವನಜ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹಿರಿಯರು ಮೊದಲು ಕುಡಿಯುವುದು ಪದ್ಧತಿ. ಉಮಾನಾಥ ಹಿತ್ತಾಳೆ ಲೋಟ ತುಂಬಿಸಿ ತಾಯಿಯ ಕೈಗಿಟ್ಟ. "ಪೂರ್ತಿ ಕುಡಿ ಅಬ್ಬೆ. ತಲಿಗೆ ಒಳ್ಳೇದ್." ಮತ್ತೆ ತನ್ನ ಒದ್ದೆ ಬಟ್ಟೆಗಳ ಮುದ್ದೆಯನ್ನು ವನಜಳತ್ತ ಎಸೆದ. "ಒಲಿ ಮೇಲೆ ಒಣ್ಗ್ಸ್."

ಮುದ್ದೆ ಬಿಚ್ಚಿಕೊಂಡು ನಸ್ಯದ ಚೌಕ ಅವಳ ಪಾದದ ಮೇಲೇ ಬಿತ್ತು. ನೀರು ಕುಡಿದು ಲೋಳೆಯಾಗಿದ್ದ ಬಟ್ಟೆ. ಕಡ್ಡಿ ಹುಡುಕಲು ಹೊತ್ತಿರಲಿಲ್ಲ. ಉಸಿರು ಬಿಗಿಹಿಡಿದು ಎರಡು ಬೆರಳಿನಲ್ಲಿ ತುದಿ ಹಿಡಿದು ಎತ್ತಿದಳು. ಮಡಿಕೆ ಬಿಚ್ಚಿ ನೂಲಿನ ಸುರುಳಿ ನೆಲಕ್ಕೆ ಬಿತ್ತು. ಒಂದು ಮಗ್ಗುಲು ಅರಸಿನ, ಇನ್ನೊಂದು ಮಗ್ಗುಲು ನಸ್ಯದ ಕಂದು. ಅವಳು ಬೆರಳಿಗೆ ಸುತ್ತಿ ಕೊಟ್ಟ ಸುರುಳಿ ಹಾಗೆಯೇ ಇತ್ತು.

ಅತ್ತೆ ಮೂಗು ಹಿಡಿದುಕೊಂಡು ಲೋಟವನ್ನು ತುಟಿಗೆ ತಂದಿದ್ದಳು. ವನಜ ಹಾರಿ ಹೋಗಿ ಲೋಟವನ್ನು ಬಡಿದಳು. ಅದು ಗೋಡೆಗೆ ತಾಗಿ, ಉರುಳಿ, ಒಲೆಯ ಬುಡದಲ್ಲಿ ನಿಂತಿತು. ಕಷಾಯವೆಲ್ಲ ಮುದುಕಿಯ ಸೀರೆಯ ಮೇಲೆ ಚೆಲ್ಲಿತು.

"ನಿಂಗೆಂತ ಹುಚ್ಚಾ?" ಎಂದು ಉಮಾನಾಥ ಕೂಗಿದ.

ವನಜ ನೂಲನ್ನು ಅವನ ಮೂಗಿನ ನೇರಕ್ಕೆ ಹಿಡಿದಳು. "ಇದ್ ಎಂತ?"

ಅವನು ನೋಡಿದ. ಮುಖದ ರಕ್ತ ಇಳಿದದ್ದು ಹಣತೆಯ ಬೆಳಕಿನಲ್ಲೂ ಕಂಡಿತು. ಬೇರೆ ಯಾವ ಗಂಡಸಾದರೂ ಆಗ ಆ ಒಂದು ಮಾತು ಹೇಳುತ್ತಿದ್ದ. ಮರೆತೆ. ಆ ಮಾತಿಗೇನು ತೆರಿಗೆ ಕಟ್ಟಬೇಕೇ? ಹೆತ್ತವಳು ಒಂದು ಗುಟುಕಿನ ಅಂತರದಲ್ಲಿ ಉಳಿದಿದ್ದಳು, ಕಾಲು ಹಿಡಿದು ಹೇಳಬೇಕಿತ್ತು. ಉಮಾನಾಥ ಗಂಟಲು ಸರಿಮಾಡಿಕೊಂಡ.

"ನಿನ್ನೆ ಸಂಜಿಗೆ ನೆನಪ್ ಮಾಡ್ ಅಂತ ಅಬ್ಬೆಗ್ ಹೇಳಿದ್ದೆ. ಅವ್ಳ್ ಮಾಡ್ಲಿಲ್ಲ."

ಸೀರೆಯಿಂದ ವಿಷ ತೊಟ್ಟಿಕ್ಕುತ್ತಿದ್ದ ಮುದುಕಿ ತಲೆಯೆತ್ತಿ ಮಗನನ್ನು ನೋಡಿದಳು. "ಹೌದಾ ಮಗಾ? ನಂಗ್ ಮರ್ತ್ ಹೋಯ್ತಾ ಏನೋ."

ವನಜ ಹಿತ್ತಿಲಿಗೆ ಓಡಿ ಬಾಳೆಯ ಬುಡದಲ್ಲಿ ವಾಂತಿ ಮಾಡಿದಳು. ಒಂದು ಹನಿ ಕಷಾಯ ಕುಡಿಯದವಳು ಕರುಳು ಬಾಯಿಗೆ ಬರುವಷ್ಟು ಕಾರಿಕೊಂಡಳು. ಬಾಯಿ ತೊಳೆದು ಒಳಗೆ ಬಂದು, ಉಳಿದದ್ದನ್ನೆಲ್ಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ಕಲ್ಲನ್ನೂ ಲೋಟವನ್ನೂ ಬೂದಿ ಹಾಕಿ ಉಜ್ಜಿದಳು. ಅತ್ತೆಯ ಕೈ ತೊಳೆಸಿ, ಬೇರೆ ಸೀರೆ ಉಡಿಸಿ, ಆ ನೂಲನ್ನು ಅವಳ ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು.

"ಅತ್ತೆ, ಇದ್ ಅವ್ರ್ ಚೌಕದೊಳ್ಗ್ ಸಿಕ್ದದ್. ಮರಕ್ಕ್ ಕಟ್ಟುಕೆ ಮರ್ತದ್ ಅವ್ರ್. ನಿಮ್ಗ್ ಯಾರೂ ಎಂತದೂ ಹೇಳ್ಲಿಲ್ಲ. ಎಲ್ಲಿ, ಹೇಳಿ ಕಾಂಬ."

ಅತ್ತೆ ಹೇಳಿದಳು. ಅರ್ಧ ಗಳಿಗೆಯಲ್ಲಿ ಮರೆತಳು. ಆದರೆ ದಿನವಿಡೀ ಅವಳ ಬೆರಳು ಗಂಟಿಗೆ ತಾಗುತ್ತಿತ್ತು. "ಇದ್ ಎಂತಕ್ಕ್ ಗಂಟ್ ಹಾಕಿದೆ ಹೆಣೆ?" ಎಂದು ಕೇಳಿದಾಗಲೆಲ್ಲ ವನಜ ಮೊದಲಿನಿಂದ ಹೇಳಿದಳು. ಮೆಂತೆ ಗಂಜಿ ಬಡಿಸುವಾಗ ಹೇಳಿದಳು, ಪಾತ್ರೆ ತೊಳೆಯುವಾಗ ಹೇಳಿದಳು. ಬೇಸರ ಬರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಅತ್ತೆ ಕೇಳುವುದನ್ನು ಬಿಟ್ಟು, ಗಂಟು ಹಿಡಿದುಕೊಂಡು ತಾನೇ ತುಟಿ ಆಡಿಸತೊಡಗಿದಳು.

ಸಂಜೆ ಜಗಲಿಗೆ ಜನ ಬಂದರು. ಗುಡ್ಡಣ್ಣ ಅಡಿಕೆ ಬಾಯಿಗೆ ಹಾಕಿಕೊಳ್ಳುವ ಮೊದಲೇ ಶುರುಮಾಡಿದ. "ಹಾಡಿ ಬದಿಗ್ ಹೋಯಿದ್ದೆ ಮಾಷ್ಟ್ರೆ. ಯಾರೋ ಕಾಸರಕನ್ ಮರದ್ ಕೆತ್ತೆ ಎಬ್ಸಿದ್ರ್. ಹಾಲೆ ಮರಕ್ಕ್ ನೂಲೇ ಇಲ್ಲೆ. ಯಾವ ಮನಿಯಂಗ್ ಎಂತ ಆಯ್ತೋ ಅಂತ ಎದಿ ಧಸಕ್ ಅಂತ್."

ಉಮಾನಾಥ ನಕ್ಕ. ಆ ನಗುವನ್ನು ಅವನು ಬೆಳಗಿನಿಂದ ಹದ ಮಾಡಿಟ್ಟುಕೊಂಡಿದ್ದಿರಬೇಕು. "ಅದ್ ನಮ್ಮನಿ ಕತಿಯೇ ಗುಡ್ಡಣ್ಣ. ನಮ್ ಅಬ್ಬೆ ಮರ್ಪಿಗ್ ಮನಿಮಂದಿಯೆಲ್ಲ ಹೋತಿದ್ರ್! ಅಬ್ಬೆ, ಬಾ ಇಲ್ಲಿ. ನಿನ್ನೆ ಸಂಜಿಗೆ ನಾನ್ ನಿಂಗ್ ಎಂತ ಹೇಳಿದ್ದೆ? ಹೇಳ್ ಕಾಂಬ."

ವನಜ ಬಾಗಿಲಿಗೆ ಬಂದು ನಿಂತಳು. ಅತ್ತೆ ಕಂಬದ ಬುಡದಲ್ಲಿ ಕೂತು ಎಂದಿನಂತೆ ತೊಲೆ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಮರ್ತ್ ಹೋಯ್ತ್ ಎನ್ನಲು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಕೈ ಸೆರಗಿಗೆ ಹೋಯಿತು. ಗಂಟನ್ನು ವಸಡಿನಿಂದ ಕಚ್ಚಿ ಬಿಚ್ಚಿ, ಸುರುಳಿಯನ್ನು ಎಲೆಯಡಿಕೆಯ ತಟ್ಟೆಯ ಪಕ್ಕ ಇಟ್ಟಳು.

"ಇದ್ ನಿನ್ ಚೌಕದೊಳ್ಗ್ ಇದ್ದದ್. ನೀನ್ ನಂಗ್ ಎಂತದೂ ಹೇಳ್ಲಿಲ್ಲ ಮಗಾ."

ಗುಡ್ಡಣ್ಣ ಬಗ್ಗಿ ನೋಡಿದ. ಮುಟ್ಟಲಿಲ್ಲ. ಅರಸಿನದ ಮೇಲೆ ಹತ್ತಿದ ಕಂದು ಯಾರ ಮೂಗಿನದೆಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಒಬ್ಬರೂ ನಗಲಿಲ್ಲ.

"ಅದ್... ಅದ್ ಹ್ಯಾಂಗ್ ಅಂದ್ರೆ..." ಎಂದ ಉಮಾನಾಥ.

"ಮರ್ತ್ ಹೋಯ್ತ್ ಅನ್ನ್ ಮಗಾ. ನಾನ್ ದಿನಾ ಅಂತೆ ಅಲ್ದಾ? ಬಾಯಿಗ್ ಹುಳ ಬೀಳ್ತಿಲ್ಲೆ."

ಅವನು ಅನ್ನಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅತ್ತೆ ನೂಲನ್ನೇ ನೋಡುತ್ತ ಕೂತಳು. ಮಾಡಿನಿಂದ ಮಳೆನೀರು ಅಂಗಳಕ್ಕೆ ಬೀಳುತ್ತಿತ್ತು. ನೂಲಿನಿಂದ ಕಣ್ಣೆತ್ತಿ ಅವಳು ಮೆಲ್ಲಗೆ ಕೇಳಿದಳು.

"ಹಾಂಗಾರೆ ಮಗಾ, ಬಚ್ಚ ಕರ್ದ ಸುದ್ದಿ? ಅದನ್ ನೀನ್ ನಂಗ್ ಹೇಳಿದ್ಯಾ?"

ಉಮಾನಾಥನ ಕೈ ಸೊಂಟದಲ್ಲಿ ಚೌಕಕ್ಕಾಗಿ ತಡಕಾಡಿತು. ಅದು ಅಲ್ಲಿರಲಿಲ್ಲ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಅದ್ ಹೋದ್ ವರ್ಷದ್ದಲ್ದಾ ಅಬ್ಬೆ... ನಂಗ್... ನಂಗ್ ನೆನಪಿಲ್ಲೆ."

ಆ ಬಾಯಿಂದ ಆ ಮಾತು ಬರಲಿ ಎಂದು ವನಜ ಎಷ್ಟು ವರ್ಷ ಕಾದಿದ್ದಳು! ಬಂದಾಗ ಅದೂ ಸುಳ್ಳಾಗಿಯೇ ಬಂತು. ಥೂ ಎಂದು ಉಗಿಯಬೇಕೆನಿಸಿತು, ಜಗಲಿ ಸಾರಿಸುವವಳು ತಾನೇ ಎಂದು ನುಂಗಿಕೊಂಡಳು.

ಅತ್ತೆ ಬಹಳ ಹೊತ್ತು ತಲೆಯಾಡಿಸಿದಳು. "ಹಾಂಗಾರೆ ನಾನ್ ಮರ್ತದ್ ಅಲ್ಲ," ಎಂದಳು, ಯಾರಿಗೂ ಅಲ್ಲದ ಹಾಗೆ. "ಬಚ್ಚ ಕರ್ದದ್ ನಾನ್ ಮರ್ತದ್ ಅಲ್ಲ."

ಕಂಬ ಹಿಡಿದು ಎದ್ದಳು. ಕಣ್ಣೊರೆಸಿಕೊಳ್ಳಲು ಎತ್ತಿದ ಕೈ ಕೂದಲಿಗೆ ತಾಗಿತು. ಬೆರಳುಗಳನ್ನು ಮೂಗಿನ ಹತ್ತಿರ ತಂದಳು. ಅವಳ ಮುಖ ಮುದುಡಿತು.

"ಥೂ, ಎಂತ ನಾತ ಇದ್! ಹೆಣೆ ವನಜ, ನಾಳಿಗೆ ದಾಸಾಳ ಸೊಪ್ಪಿನ್ ಗೊಂಪ್ ಮಾಡ್. ನಂಗ್ ತಲಿ ಮೀಯ್ಕ್."

"ನಾಳಿಗೆ ಎಂತಕ್ಕ್ ಅತ್ತೆ? ಹಂಡಿಯೊಳ್ಗ್ ಬಿಸ್ನೀರ್ ಇತ್ತ್. ಈಗ್ಲೇ ಬನ್ನಿ," ಎಂದು ವನಜ ಅವಳ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದಳು.